ಅವರು ಕೂತಿರುವ ದೇಶದ ಕಾನೂನು ನಿಮಗೂ ಅನ್ವಯಿಸುತ್ತದೆ: ಹೊರದೇಶಗಳಲ್ಲಿ ಜನರನ್ನು ಕೆಲಸಕ್ಕಿಟ್ಟುಕೊಂಡ ಕಂಪನಿಗಳ ಮಾಲೀಕರಿಗೆ ಬಹಿರಂಗ ಪತ್ರ

ಮಾನ್ಯ ಮಾಲೀಕರೇ, ನಿರ್ದೇಶಕರೇ, ಎಚ್‌ಆರ್ ಮುಖ್ಯಸ್ಥರೇ,

ನಮಸ್ಕಾರ. ನಿಮ್ಮ ಆಫೀಸು ಒಂದು ದೇಶದಲ್ಲಿದೆ. ನಿಮಗಾಗಿ ದುಡಿಯುವ ಎಷ್ಟೋ ಜನ ಇನ್ನೊಂದು ದೇಶದಲ್ಲಿದ್ದಾರೆ. ಈ ಪತ್ರ ಅವರ ಬಗ್ಗೆ.

ನಾನು ಇಂಥದ್ದೇ ಒಂದು ಕಂಪನಿಯ ಸಂಬಳ ವಿಭಾಗದಲ್ಲಿ 9 ವರ್ಷ ಇದ್ದವಳು. 11 ದೇಶಗಳಲ್ಲಿ ನಮ್ಮ ಜನ ಇದ್ದರು. ಅದರಲ್ಲಿ 2 ದೇಶಗಳಲ್ಲಿ ಮಾತ್ರ ನಮ್ಮ ಕಂಪನಿಯ ನೋಂದಣಿ ಆಗಿತ್ತು. ಉಳಿದ 9 ದೇಶಗಳವರಿಗೆ ತಿಂಗಳು ತಿಂಗಳು ಹಣ ಕಳಿಸುವುದು ನನ್ನ ಕೆಲಸವಾಗಿತ್ತು. ನಾನು ಕಣ್ಣಾರೆ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ಇದೇ ಕೆಲಸದಲ್ಲಿರುವ ಬೇರೆಯವರ ಹತ್ತಿರ ಮಾತಾಡಿದಾಗಲೂ ಇದೇ ಕಥೆ ಕೇಳಿದೆ. ಹಾಗಾಗಿ ಒಂದು ಕಂಪನಿಯನ್ನು ಬೈದು ಸುಮ್ಮನಾಗುವುದು ಸರಿ ಅನ್ನಿಸಲಿಲ್ಲ.

ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ತಂಡದಲ್ಲಿ ಒಬ್ಬ ಹೆಣ್ಣುಮಗಳು ಇದ್ದರು. ಅವರ ಗುರುತು ಸಿಗಬಾರದು, ಹಾಗಾಗಿ ದೇಶ ಯಾವುದೆಂದು ಬರೆಯುವುದಿಲ್ಲ. ನಮ್ಮ ಆಫೀಸಿನ ಗಡಿಯಾರ ನೋಡಿಕೊಂಡು ಅವರು ಲಾಗಿನ್ ಆಗುತ್ತಿದ್ದರು. ಲ್ಯಾಪ್‌ಟಾಪ್ ನಮ್ಮದು. ಇಮೇಲ್ ವಿಳಾಸ ನಮ್ಮದು. ರಜೆ ಬೇಕಾದರೆ ನಮ್ಮ ಮ್ಯಾನೇಜರ್ ಒಪ್ಪಬೇಕು. ವರ್ಷಕ್ಕೊಮ್ಮೆ ಅಪ್ರೈಸಲ್ ಕೂಡ ಇತ್ತು. ಬೇರೆ ಯಾರಿಗೂ ಕೆಲಸ ಮಾಡಬಾರದು ಅಂತ ಒಪ್ಪಂದದಲ್ಲೇ ಬರೆದಿತ್ತು. ಆದರೆ ಅದೇ ಒಪ್ಪಂದದ ಮೊದಲ ಸಾಲಿನಲ್ಲಿ ಅವರನ್ನು ‘ಸ್ವತಂತ್ರ ಕಾಂಟ್ರ್ಯಾಕ್ಟರ್’ ಅಂತ ಕರೆದಿತ್ತು, ಅಂದರೆ ನೌಕರರಲ್ಲ, ಸ್ವಂತವಾಗಿ ಸೇವೆ ಮಾರುವವರು.

ಹಾಗಾಗಿ ಅವರಿಗೆ ಸಂಬಳ ಚೀಟಿ ಇರಲಿಲ್ಲ. ಪ್ರತಿ ತಿಂಗಳು 25ಕ್ಕೆ ಅವರೇ ನನಗೆ ಇನ್‌ವಾಯ್ಸ್ ಕಳಿಸಬೇಕಿತ್ತು. ಅದೇ ಮೊತ್ತ, ಅದೇ ಒಂದು ಸಾಲಿನ ವಿವರ: ‘ಸೇವಾ ಶುಲ್ಕ’. ಬದಲಾಗುತ್ತಿದ್ದದ್ದು ನಂಬರ್ ಒಂದೇ. 38ನೇ ಇನ್‌ವಾಯ್ಸ್ ನನಗೆ ಇವತ್ತಿಗೂ ನೆನಪಿದೆ. ಅದರಲ್ಲಿ ಎರಡನೇ ಸಾಲು ಒಂದಿತ್ತು: ‘ಹೆರಿಗೆ, 19 ಕೆಲಸದ ದಿನ ಕಡಿತ’. ಮಗು ಹುಟ್ಟಿ ಒಂದು ತಿಂಗಳು ತುಂಬುವ ಮೊದಲೇ ಅವರು ಹೆಡ್‌ಫೋನ್ ಹಾಕಿಕೊಂಡು ಮತ್ತೆ ದೂರು ಕೇಳುತ್ತಾ ಕೂತಿದ್ದರು. ತಮ್ಮ ದುಡ್ಡನ್ನು ತಾವೇ ಲೆಕ್ಕ ಹಾಕಿ ಕಳೆದು ಕಳಿಸಿದ್ದರು. ಕಡಿತ ಸರಿಯಾಗಿದೆಯಾ ಅಂತ ನಾನು ಕ್ಯಾಲ್ಕ್ಯುಲೇಟರ್ ಒತ್ತಿ ನೋಡಿದೆ. ಪೈಸೆಗೆ ಪೈಸೆ ಸರಿಯಾಗಿತ್ತು. ಪಾವತಿಗೆ ಒಪ್ಪಿಗೆ ಕೊಟ್ಟೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2000ರಲ್ಲೇ ಹೆರಿಗೆ ರಜೆ ಕನಿಷ್ಠ 14 ವಾರ ಇರಬೇಕು ಅಂತ ಒಡಂಬಡಿಕೆ ಮಾಡಿದೆ. ಅದು ನನಗೆ ಗೊತ್ತಾಗಿದ್ದು ತುಂಬ ಆಮೇಲೆ.

ಮುಂದಿನ ವರ್ಷ ಅವರು ಮನೆ ಸಾಲಕ್ಕೆ ಅರ್ಜಿ ಹಾಕಿದರು. ಬ್ಯಾಂಕಿನವರು ಸಂಬಳ ಚೀಟಿ ಕೇಳಿದರು. ಅವರ ಹತ್ತಿರ ಇದ್ದದ್ದು ಇನ್‌ವಾಯ್ಸ್‌ಗಳ ಕಂತೆ. ‘ನಾನು ಇಷ್ಟು ವರ್ಷದಿಂದ ನಿಮ್ಮಲ್ಲಿ ಕೆಲಸ ಮಾಡುತ್ತಿದ್ದೇನೆ ಅಂತ ಒಂದು ಪತ್ರ ಕೊಡ್ತೀರಾ?’ ಅಂತ ನನ್ನನ್ನು ಕೇಳಿದರು. ನಾನು ನಾಲ್ಕು ಸಾಲಿನ ಪತ್ರ ಟೈಪ್ ಮಾಡಿ ನಮ್ಮ ವಕೀಲರ ವಿಭಾಗಕ್ಕೆ ಕಳಿಸಿದೆ. ವಾಪಸ್ ಬಂದಾಗ ಎರಡು ಪದಗಳ ಮೇಲೆ ಕೆಂಪು ಗೆರೆ ಇತ್ತು. ‘ಉದ್ಯೋಗಿ’ ಹೊಡೆದು ‘ಸೇವೆ ಒದಗಿಸುವವರು’ ಅಂತ ಮಾಡಿದ್ದರು. ‘ಸಂಬಳ’ ಹೊಡೆದು ‘ಶುಲ್ಕ’ ಅಂತ ಮಾಡಿದ್ದರು. ಆ ಪತ್ರ ನೋಡಿ ಬ್ಯಾಂಕು ಸಾಲ ಕೊಡಲಿಲ್ಲ. ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ, ‘ಪ್ರಯತ್ನ ಮಾಡಿದ್ದಕ್ಕೆ ಥ್ಯಾಂಕ್ಸ್’ ಅಂದರು. ಬೈದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತು.

71ನೇ ಇನ್‌ವಾಯ್ಸ್ ಕೊನೆಯದಾಯಿತು. ಖರ್ಚು ಇಳಿಸಬೇಕು ಅಂತ ಕಂಪನಿ ತೀರ್ಮಾನ ಮಾಡಿತು. ಯಾರನ್ನು ತೆಗೆದರೆ ಎಷ್ಟು ಖರ್ಚು ಬೀಳುತ್ತದೆ ಅನ್ನುವ ಪಟ್ಟಿ ಮಾಡಿಕೊಟ್ಟಿದ್ದು ನಾನೇ. ಹೊರದೇಶದ ಕಾಂಟ್ರ್ಯಾಕ್ಟರ್‌ಗಳ ಹೆಸರಿನ ಎದುರು ಮೊತ್ತ ತುಂಬ ಸಣ್ಣದಿತ್ತು. ಆದ್ದರಿಂದ ಅವರೇ ಮೊದಲು ಹೋದರು. ಅದೇ ವಾರ, ಅದೇ ತಂಡದಿಂದ ಮುಖ್ಯ ಆಫೀಸಿನ ಒಬ್ಬರನ್ನೂ ತೆಗೆದರು. ಅವರಿಗೆ 3 ತಿಂಗಳ ಸಂಬಳ ಸಿಕ್ಕಿತು, ವರ್ಷದ ಕೊನೆಯವರೆಗೆ ಆರೋಗ್ಯ ವಿಮೆ ಸಿಕ್ಕಿತು. ಸುಮಾರು 6 ವರ್ಷ ದುಡಿದ ಈ ಹೆಣ್ಣುಮಗಳಿಗೆ ಸಿಕ್ಕಿದ್ದು 15 ದಿನದ ನೋಟಿಸ್. ವಿಡಿಯೋ ಕಾಲ್ 12 ನಿಮಿಷ ನಡೆಯಿತು. ಕಾಲ್ ಮುಗಿಯುವಷ್ಟರಲ್ಲಿ ಅವರ ಇಮೇಲ್ ಬಂದ್ ಆಗಿತ್ತು.

ಲ್ಯಾಪ್‌ಟಾಪ್ ವಾಪಸ್ ಕಳಿಸಿ ಅಂದೆವು. ಗಡಿ ದಾಟಿಸಬೇಕಾದರೆ ಕಸ್ಟಮ್ಸ್‌ನವರು ಅದರ ಬೆಲೆ, ಮಾಲೀಕರ ಪತ್ರ ಎಲ್ಲ ಕೇಳುತ್ತಾರೆ. ಅವರು ಮಗುವನ್ನು ಎತ್ತಿಕೊಂಡು ಕೊರಿಯರ್ ಆಫೀಸಿಗೆ ಮೂರು ಸಲ ಹೋಗಿ, ಕೈಯಿಂದ ದುಡ್ಡು ಕಟ್ಟಿ ಕಳಿಸಿದರು. ಆ ಖರ್ಚಿಗೆ 72ನೇ ಇನ್‌ವಾಯ್ಸ್ ಹಾಕಿದರು. ನಮ್ಮ ಸಿಸ್ಟಮ್ ಅದನ್ನು ತಾನಾಗಿ ತಿರುಗಿ ಕಳಿಸಿತು: ‘ಈ ವೆಂಡರ್ ಖಾತೆ ಮುಚ್ಚಲಾಗಿದೆ’.

ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಪ್ಪಂದದಲ್ಲಿ ಬರೆದ ಹಾಗೇ ಎಲ್ಲವೂ ನಡೆದಿದೆ. ನನ್ನ ತಕರಾರು ಆ ಒಪ್ಪಂದದ ಬಗ್ಗೆಯೇ.

ಒಬ್ಬರು ನೌಕರರೋ ಕಾಂಟ್ರ್ಯಾಕ್ಟರೋ ಅನ್ನುವುದನ್ನು ಕಾಗದದ ಮೇಲಿನ ಹೆಸರು ತೀರ್ಮಾನ ಮಾಡುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2006ರಲ್ಲಿ ಹೊರಡಿಸಿದ 198ನೇ ಶಿಫಾರಸು ಇದನ್ನೇ ಹೇಳುತ್ತದೆ. ಒಪ್ಪಂದದಲ್ಲಿ ಏನೇ ಬರೆದಿರಲಿ, ಕೆಲಸ ನಿಜವಾಗಿ ಹೇಗೆ ನಡೆಯುತ್ತಿದೆ, ಹಣ ಹೇಗೆ ಸಿಗುತ್ತಿದೆ ಅಂತ ನೋಡಬೇಕು. ಕೆಲಸದ ಮೇಲೆ ಹಿಡಿತ ಯಾರದು? ವೇಳೆ ಗೊತ್ತು ಮಾಡುವವರು ಯಾರು? ಸಲಕರಣೆ ಯಾರದು? ಹಣ ಗೊತ್ತಾದ ದಿನಕ್ಕೆ ಬರುತ್ತದಾ? ಅವರಿಗೆ ಬೇರೆ ಆದಾಯ ಇದೆಯಾ? ಈ ಪ್ರಶ್ನೆಗಳನ್ನು ನಾನು 38ನೇ ಇನ್‌ವಾಯ್ಸ್ ಕಳಿಸಿದವರ ಪಕ್ಕ ಇಟ್ಟು ನೋಡಿದೆ. ಒಂದಕ್ಕೂ ‘ಸ್ವತಂತ್ರ’ ಅನ್ನುವ ಉತ್ತರ ಬರಲಿಲ್ಲ.

ನ್ಯಾಯಾಲಯಗಳೂ ಈ ದಾರಿಯಲ್ಲೇ ನಡೆಯುತ್ತಿವೆ. 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಊಬರ್ ಚಾಲಕರ ಮೊಕದ್ದಮೆಯಲ್ಲಿ, ಬರಹದ ಒಪ್ಪಂದದಿಂದ ಶುರು ಮಾಡುವುದೇ ತಪ್ಪು ಅಂದಿತು. ಆ ಚಾಲಕರಿಗೆ ಕನಿಷ್ಠ ವೇತನ, ಸಂಬಳದ ರಜೆಯ ಹಕ್ಕು ಸಿಕ್ಕಿತು. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಜಾರಿಯಲ್ಲಿರುವ ಕಾನೂನಿನಲ್ಲಂತೂ ಲೆಕ್ಕ ತಿರುಗಿದೆ. ಒಂದಷ್ಟು ವೃತ್ತಿಗಳನ್ನು ಬಿಟ್ಟರೆ, ದುಡಿಯುವವರನ್ನು ಮೊದಲು ನೌಕರ ಅಂತಲೇ ಲೆಕ್ಕ ಹಾಕುತ್ತಾರೆ. ಅಲ್ಲ ಅಂತ ತೋರಿಸುವ ಹೊಣೆ ಕಂಪನಿಯದು.

ಇನ್ನು ನಿಮ್ಮ ಒಪ್ಪಂದದ ಕೊನೆಯ ಪುಟದಲ್ಲಿರುವ ಆ ಸಾಲು: ‘ಈ ಒಪ್ಪಂದಕ್ಕೆ ನಮ್ಮ ದೇಶದ ಕಾನೂನು ಅನ್ವಯ’. ಇದೊಂದು ಸಾಲು ಇದ್ದರೆ ಬಚಾವ್ ಅಂತ ಎಷ್ಟು ಮಾಲೀಕರು ನಂಬಿದ್ದಾರೋ! ಗಡಿ ದಾಟಿದ ಒಪ್ಪಂದಗಳಿಗೆ ಯಾವ ದೇಶದ ಕಾನೂನು ಅನ್ನುವುದನ್ನು ತೀರ್ಮಾನ ಮಾಡುವ, ಐರೋಪ್ಯ ಒಕ್ಕೂಟದ ರೋಮ್–1 ನಿಯಮದ 8ನೇ ವಿಧಿಯನ್ನು ಒಮ್ಮೆ ಓದಿಸಿ ನೋಡಿ. ನೌಕರ ಸಾಮಾನ್ಯವಾಗಿ ಯಾವ ದೇಶದಲ್ಲಿ ಕೂತು ಕೆಲಸ ಮಾಡುತ್ತಾನೋ ಆ ದೇಶದ ಕಡ್ಡಾಯ ರಕ್ಷಣೆಗಳನ್ನು ಇಂಥ ಸಾಲಿನಿಂದ ಕಿತ್ತುಕೊಳ್ಳಲು ಆಗುವುದಿಲ್ಲ.

ಆ ರಕ್ಷಣೆಗಳು ದೇಶದಿಂದ ದೇಶಕ್ಕೆ ತುಂಬ ಬೇರೆ. ಅಮೆರಿಕದಲ್ಲಿ ಮೊಂಟಾನಾ ರಾಜ್ಯ ಬಿಟ್ಟರೆ ಉಳಿದ ಕಡೆ ಸಾಮಾನ್ಯವಾಗಿ ಕಾರಣ ಹೇಳದೆಯೇ ಕೆಲಸದಿಂದ ತೆಗೆಯಬಹುದು. ಅಲ್ಲಿ ಅಭ್ಯಾಸವಾದ ಮ್ಯಾನೇಜರ್ ಅದೇ ಧಾಟಿಯಲ್ಲಿ ಜರ್ಮನಿಯ ನೌಕರನಿಗೆ ಇಮೇಲ್ ಬರೆದರೆ ಅದಕ್ಕೆ ಬೆಲೆಯೇ ಇಲ್ಲ. ಅಲ್ಲಿ ಕೆಲಸದಿಂದ ತೆಗೆಯುವ ಪತ್ರ ಕಾಗದದ ಮೇಲಿರಬೇಕು, ಕೆಳಗೆ ಪೆನ್ನಿನ ಸಹಿ ಇರಬೇಕು. 20 ವರ್ಷ ದುಡಿದವರಿಗೆ ಕಂಪನಿ ಕೊಡಬೇಕಾದ ನೋಟಿಸ್ 7 ತಿಂಗಳು. ನೆದರ್ಲೆಂಡ್ಸ್‌ನಲ್ಲಿ ನೌಕರ ಕಾಯಿಲೆ ಬಿದ್ದರೆ 2 ವರ್ಷದವರೆಗೆ ಸಂಬಳದ ಕನಿಷ್ಠ 70 ಶೇಕಡಾ ಕೊಡುವ ಹೊಣೆ ಮಾಲೀಕರದು. ಬ್ರೆಜಿಲ್‌ನಲ್ಲಿ ಪ್ರತಿ ತಿಂಗಳು ಸಂಬಳದ 8 ಶೇಕಡಾ ಮೊತ್ತವನ್ನು ನೌಕರನ ಹೆಸರಿನ ನಿಧಿಗೆ ಕಟ್ಟಬೇಕು. ತಪ್ಪಿಲ್ಲದೆ ತೆಗೆದರೆ ಆ ನಿಧಿಯ ಮೇಲೆ 40 ಶೇಕಡಾ ದಂಡ ಕೊಡಬೇಕು. ಫಿಲಿಪ್ಪೀನ್ಸ್‌ನಲ್ಲಿ 13ನೇ ತಿಂಗಳ ಸಂಬಳ, ಅಂದರೆ 12 ತಿಂಗಳ ಸಂಬಳದ ಮೇಲೆ ಕೊಡುವ ಇನ್ನೊಂದು ಸಂಬಳ, 1975ರಿಂದಲೇ ಕಾನೂನು. ಡಿಸೆಂಬರ್ 24ರ ಒಳಗೆ ಕೈಗೆ ಸಿಗಬೇಕು.

ನಮ್ಮ ಆಫೀಸಿನಲ್ಲಿ ಈ 13ನೇ ತಿಂಗಳ ಸಂಬಳವನ್ನು ‘ಬೋನಸ್’ ಅಂತ ಕರೆಯುತ್ತಿದ್ದರು. ‘ಈ ವರ್ಷ ಲಾಭ ಇಲ್ಲ, ಬೋನಸ್ ಯಾಕೆ?’ ಅಂತ ಒಬ್ಬ ಹಿರಿಯರು ಮೀಟಿಂಗಿನಲ್ಲಿ ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅವರು ಕೆಟ್ಟವರಲ್ಲ. ಅವರ ದೇಶದಲ್ಲಿ ಅಂಥದ್ದು ಇರಲಿಲ್ಲ, ಅಷ್ಟೇ. ಗೊತ್ತಿಲ್ಲದ ದೇಶದಲ್ಲಿ ಜನರನ್ನು ತೆಗೆದುಕೊಂಡ ಮೇಲೆ ಗೊತ್ತು ಮಾಡಿಕೊಳ್ಳುವ ಹೊಣೆ ಯಾರದು? ತೆಗೆದುಕೊಂಡವರದೇ ಅಲ್ವಾ?

ಇದಕ್ಕೆ ಪರಿಹಾರ ಅಂತ ‘ಎಂಪ್ಲಾಯರ್ ಆಫ್ ರೆಕಾರ್ಡ್’ ಅನ್ನುವ ವ್ಯವಸ್ಥೆ ಈಗ ಜಾಸ್ತಿ ಬಳಕೆಯಲ್ಲಿದೆ. ಆ ದೇಶದಲ್ಲಿ ಈಗಾಗಲೇ ನೋಂದಣಿ ಇರುವ ಒಂದು ಸಂಸ್ಥೆ ನಿಮ್ಮ ಪರವಾಗಿ ಕಾಗದದ ಮೇಲೆ ಮಾಲೀಕನಾಗುತ್ತದೆ. ಸಂಬಳ ಚೀಟಿ ಕೊಡುತ್ತದೆ, ತೆರಿಗೆ, ಪಿಂಚಣಿ, ವಿಮೆ ಕಟ್ಟುತ್ತದೆ. ಕೆಲಸ ಹೇಳುವವರು ನೀವು. ನಾನು ಇದರ ವಿರೋಧಿಯಲ್ಲ. ನಮ್ಮಲ್ಲಿ 3 ದೇಶಗಳವರನ್ನು ಹೀಗೆ ಬದಲಾಯಿಸಿದಾಗ ಅವರಲ್ಲೊಬ್ಬರು ತಮ್ಮ ಮೊದಲ ಸಂಬಳ ಚೀಟಿಯ ಫೋಟೋ ನನಗೆ ಕಳಿಸಿದರು. ಪಿಂಚಣಿಯ ಸಾಲಿಗೆ ಬೆರಳು ಇಟ್ಟು ಫೋಟೋ ತೆಗೆದಿದ್ದರು. ಆ ಬೆರಳು ನೋಡಿ ನನಗೆ ಗಂಟಲು ಕಟ್ಟಿತು.

ಆದರೆ ಇದನ್ನೂ ಕಣ್ಣುಮುಚ್ಚಿ ನಂಬಬೇಡಿ. ಎಲ್ಲ ದೇಶಗಳೂ ಇದನ್ನು ಒಂದೇ ರೀತಿ ಒಪ್ಪುವುದಿಲ್ಲ. ಜರ್ಮನಿಯಲ್ಲಿ ಇನ್ನೊಬ್ಬರಿಗೆ ನೌಕರರನ್ನು ಒದಗಿಸಲು ಲೈಸೆನ್ಸ್ ಬೇಕು. ಒಬ್ಬರನ್ನು ಒಂದೇ ಕಂಪನಿಗೆ ಸಾಮಾನ್ಯವಾಗಿ 18 ತಿಂಗಳಿಗಿಂತ ಜಾಸ್ತಿ ಕೊಡುವ ಹಾಗಿಲ್ಲ. ಇನ್ನೊಂದು ಕೆಟ್ಟ ಚಾಳಿಯೂ ಇದೆ. ನೌಕರ ಏನಾದರೂ ಕೇಳಿದರೆ ನೀವು ಆ ಸಂಸ್ಥೆಯ ಕಡೆ ಕೈ ತೋರಿಸುತ್ತೀರಿ, ಆ ಸಂಸ್ಥೆಯವರು ನಿಮ್ಮ ಕಡೆ ಕೈ ತೋರಿಸುತ್ತಾರೆ. ನಡುವೆ ನೌಕರ ಇಮೇಲ್ ಬರೆಯುತ್ತಾ ಕೂರುತ್ತಾನೆ.

ತೆರಿಗೆಯ ವಿಚಾರ ನನ್ನ ವಿಭಾಗದ್ದಲ್ಲ, ಹಾಗಾಗಿ ಒಂದೇ ಮಾತು. ಇನ್ನೊಂದು ದೇಶದಲ್ಲಿ ಕೂತ ವ್ಯಕ್ತಿ ನಿಮ್ಮ ಪರವಾಗಿ ಪದೇ ಪದೇ ಗಿರಾಕಿಗಳ ಜೊತೆ ಒಪ್ಪಂದ ಕುದುರಿಸುತ್ತಿದ್ದರೆ, ನಿಮಗೆ ಅಲ್ಲಿ ಕಾಯಂ ನೆಲೆ ಇದೆ, ಅಲ್ಲಿಯೂ ತೆರಿಗೆ ಕಟ್ಟಿ ಅಂತ ಆ ದೇಶದ ತೆರಿಗೆ ಇಲಾಖೆ ಹೇಳಬಹುದು. ಕಾಂಟ್ರ್ಯಾಕ್ಟರ್ ಅಂತ ಕರೆದ ಮಾತ್ರಕ್ಕೆ ಆ ಪ್ರಶ್ನೆ ತಪ್ಪುವುದಿಲ್ಲ.

ನೀವು ಏನು ಉತ್ತರ ಕೊಡುತ್ತೀರಿ ಅಂತ ನನಗೆ ಗೊತ್ತು. ಇವನ್ನೆಲ್ಲ ಮೀಟಿಂಗಿನಲ್ಲಿ ಕೇಳಿದ್ದೇನೆ. ‘ನಾವು ಸಣ್ಣ ಕಂಪನಿ, ಒಬ್ಬರಿಗೋಸ್ಕರ ಆ ದೇಶದಲ್ಲಿ ಕಂಪನಿ ತೆರೆಯೋಕಾಗುತ್ತಾ?’ ಅನ್ನುತ್ತೀರಿ. ಅದು ನ್ಯಾಯವಾದ ಮಾತು. ತೆರೆಯಬೇಡಿ. ಆದರೆ ಆ ಕಷ್ಟವನ್ನು ಆ ಒಬ್ಬರ ಹೆಗಲಿಗೆ ಹಾಕಬೇಡಿ. ‘ಕಾಂಟ್ರ್ಯಾಕ್ಟರ್ ಆಗಿರೋದೇ ಅವರಿಗೆ ಇಷ್ಟ’ ಅನ್ನುತ್ತೀರಿ. ಕೆಲವರಿಗೆ ನಿಜವಾಗಿಯೂ ಇಷ್ಟ. ನಾಲ್ಕೈದು ಗಿರಾಕಿಗಳಿದ್ದು, ತಮ್ಮ ವೇಳೆ, ತಮ್ಮ ದರ ತಾವೇ ಗೊತ್ತು ಮಾಡುವವರನ್ನು ನಾನೂ ನೋಡಿದ್ದೇನೆ. ಅಂಥವರ ಇನ್‌ವಾಯ್ಸ್ ತಿಂಗಳು ತಿಂಗಳು ಬೇರೆ ಬೇರೆ ಇರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. 71 ಸಲ ಒಂದೇ ಮೊತ್ತ ಬರೆಯುವವರನ್ನು ಅವರ ಸಾಲಿಗೆ ಸೇರಿಸಬೇಡಿ. ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ’ ಅಂತಲೂ ಒಬ್ಬರು ಅಂದಿದ್ದರು. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅನ್ನುವ ಲೆಕ್ಕ ಅದು. ನೀವು ತಪ್ಪಿಸಿಕೊಂಡ ದೊಣ್ಣೆ ಇನ್ನೊಬ್ಬರಿಗೆ ಬಿದ್ದಿದೆ, ಅಷ್ಟೇ.

ಈಗ ನನ್ನ ಬೇಡಿಕೆಗಳು.

ಹೊರದೇಶದ ಒಬ್ಬರಿಗೆ ಆಫರ್ ಕಳಿಸುವ ಮೊದಲು ಆ ದೇಶದ ಕಾರ್ಮಿಕ ಕಾನೂನು ಬಲ್ಲ ವಕೀಲರಿಗೆ ಒಂದು ಗಂಟೆಯ ಫೀಸು ಕೊಡಿ. ಕೈಗೆ ಸಿಗುವ ಸಂಬಳದ ಮೇಲೆ ಪಿಂಚಣಿ, ವಿಮೆ, ರಜೆ, ನೋಟಿಸ್, ತೆಗೆಯುವಾಗಿನ ಖರ್ಚು ಎಲ್ಲ ಸೇರಿ ಎಷ್ಟಾಗುತ್ತದೆ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಅಷ್ಟು ಕೊಡಲು ಆಗದಿದ್ದರೆ ಆ ನೇಮಕ ನಿಮ್ಮ ಕೈಲಾಗದ್ದು ಅಂತ ಒಪ್ಪಿಕೊಳ್ಳಿ. ಕಡಿಮೆ ಖರ್ಚು ಅಂತಲೇ ಆ ದೇಶಕ್ಕೆ ಹೋದವರು, ಆ ಕಡಿಮೆ ಖರ್ಚು ಯಾರ ಹೆರಿಗೆ ರಜೆಯಿಂದ ಬಂತು ಅಂತಲೂ ನೋಡಬೇಕು.

ಒಪ್ಪಂದವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಿ. ಫ್ರಾನ್ಸ್‌ನಲ್ಲಂತೂ ಬರಹದ ಉದ್ಯೋಗ ಒಪ್ಪಂದ ಫ್ರೆಂಚ್‌ನಲ್ಲಿರಬೇಕು ಅಂತ 1994ರಿಂದ ಕಾನೂನೇ ಇದೆ. ನಮ್ಮಲ್ಲಿ 40 ಪುಟದ ಇಂಗ್ಲಿಷ್ ಒಪ್ಪಂದ ಕಳಿಸಿ, ಎರಡು ದಿನದಲ್ಲಿ ಸಹಿ ಮಾಡಿ ಅನ್ನುತ್ತಿದ್ದೆವು.

ಹಣ ಪೂರ್ತಿ ತಲುಪುವ ಹಾಗೆ ಕಳಿಸಿ. ನಾವು ಕಳಿಸಿದ್ದು ಒಂದು ಮೊತ್ತ, ಮಧ್ಯದ ಬ್ಯಾಂಕುಗಳು ತಮ್ಮ ಪಾಲು ಕತ್ತರಿಸಿ ಅವರಿಗೆ ಮುಟ್ಟಿಸಿದ್ದು ಇನ್ನೊಂದು ಮೊತ್ತ. ‘ವರ್ಗಾವಣೆ ಖರ್ಚು ಕಳಿಸುವವರದು’ ಅಂತ ಒಂದು ಕಡೆ ಟಿಕ್ ಮಾಡಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಒಪ್ಪಿಗೆ ಸಿಗಲು ನನಗೆ 2 ವರ್ಷ ಹಿಡಿಯಿತು.

ಅವರ ರಾತ್ರಿಯನ್ನು ಅವರಿಗೆ ಬಿಡಿ. ಕೆಲಸದ ವೇಳೆ ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕು ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕಾನೂನಿನಲ್ಲಿದೆ. ಕಾನೂನು ಇಲ್ಲದ ಕಡೆಯೂ ಮನುಷ್ಯರಿಗೆ ನಿದ್ದೆ ಬೇಕು. ಎಲ್ಲ ದೇಶದವರೂ ಸೇರುವ ಮೀಟಿಂಗ್ ಇದ್ದರೆ ಒಂದು ವಾರ ಅವರು ತಡವಾಗಿ ಕೂರಲಿ, ಮುಂದಿನ ವಾರ ನೀವು ಬೇಗ ಏಳಿ.

ಕೆಲಸದಿಂದ ತೆಗೆಯುವ ಸಂದರ್ಭ ಬಂದರೆ ಅವರು ಕೂತಿರುವ ದೇಶದ ನಿಯಮವನ್ನೂ ನಿಮ್ಮ ಮುಖ್ಯ ಆಫೀಸಿನವರಿಗೆ ಕೊಡುವುದನ್ನೂ ಪಕ್ಕ ಪಕ್ಕ ಇಡಿ. ಯಾವುದು ಜಾಸ್ತಿಯೋ ಅದನ್ನು ಕೊಡಿ. ಅನುಭವ ಪತ್ರವನ್ನು ಅದೇ ದಿನ ಕೊಡಿ, ‘ಉದ್ಯೋಗಿ’ ಅನ್ನುವ ಪದ ಹೊಡೆಯದೆ ಕೊಡಿ. ಲ್ಯಾಪ್‌ಟಾಪ್ ತರಿಸಿಕೊಳ್ಳುವ ಖರ್ಚು, ಓಡಾಟ ನಿಮ್ಮದಾಗಿರಲಿ.

ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಈಗಾಗಲೇ ನಿಮ್ಮಲ್ಲಿ ಇರುವವರ ಬಗ್ಗೆ. ಈ ತಿಂಗಳ ಕೊನೆಗೆ ನಿಮ್ಮ ವೆಂಡರ್ ಪಾವತಿಯ ಪಟ್ಟಿ ತರಿಸಿಕೊಳ್ಳಿ. ಅದರಲ್ಲಿ ಕಂಪನಿಗಳ ಹೆಸರುಗಳ ನಡುವೆ ಮನುಷ್ಯರ ಹೆಸರುಗಳಿರುತ್ತವೆ. ಒಂದು ವರ್ಷದಿಂದ ಒಂದೇ ಮೊತ್ತ ಪಡೆಯುತ್ತಿರುವವರಿಗೆ ಗುರುತು ಹಾಕಿ. ಅವರಲ್ಲಿ ಯಾರ್‍ಯಾರ ಲ್ಯಾಪ್‌ಟಾಪ್ ನಿಮ್ಮದು, ಯಾರ ರಜೆಗೆ ನಿಮ್ಮ ಮ್ಯಾನೇಜರ್ ಸಹಿ ಹಾಕುತ್ತಾರೆ ಅಂತ ಕೇಳಿ ತಿಳಿದುಕೊಳ್ಳಿ. ಅವರನ್ನು ನೌಕರರನ್ನಾಗಿ ಮಾಡಿ. ಹಿಂದಿನ ವರ್ಷಗಳನ್ನೂ ಸೇವೆಯ ಲೆಕ್ಕಕ್ಕೆ ಸೇರಿಸಿ. ಪಟ್ಟಿ ತೆಗೆಯಲು ಅರ್ಧ ಗಂಟೆ ಸಾಕು. ಹೇಗೆ ತೆಗೆಯಬೇಕು ಅಂತ ನಿಮ್ಮ ಸಂಬಳ ವಿಭಾಗದಲ್ಲಿ ಕೂತಿರುವ ನನ್ನಂಥವರಿಗೆ ಗೊತ್ತಿರುತ್ತದೆ. ಅವರನ್ನೇ ಕರೆದು ಕೇಳಿ. ಅವರು ಆ ಹೆಸರುಗಳನ್ನು ನೋಡದೆಯೇ ಹೇಳುತ್ತಾರೆ.

ವಿಶ್ವಾಸದಿಂದ,
ಸಂಬಳ ವಿಭಾಗದ ಒಬ್ಬ ಮಾಜಿ ಉದ್ಯೋಗಿ